ಅಮ್ಮನ ಪುಡಿಡಬ್ಬಿ

ಅಮ್ಮ ಬಚ್ಚಲಿನ ಚಿಲಕ ಹಾಕಿದ ಸದ್ದು ಕೇಳಿದ್ದೇ ತಡ, ಮಗಳು ಮೂಲಿಕೆಪುಡಿಯ ಡಬ್ಬಿಯನ್ನು ಸಿಂಕಿಗೆ ಬೋರಲು ಹಾಕಿ ನಲ್ಲಿ ತಿರುಗಿಸಿದಳು. ಅಮ್ಮ ಪ್ರಾಣಕ್ಕೆ ಸಮ ಎಂದು ನಂಬಿದ್ದ ಪುಡಿ ಕಂದು ಕೆಸರಾಗಿ ಹರಿದುಹೋಯಿತು.

ಖಾಲಿ ಡಬ್ಬಿಗೆ ಗೋಧಿಹಿಟ್ಟು ತುಂಬಿದಳು. ಕೆಂಪಗೆ ಹುರಿದದ್ದು, ಕಹಿಗೆಂದು ಕಾಫಿಪುಡಿ ಬೆರೆಸಿದ್ದು. ಈಗೀಗ ಇದು ರೂಢಿಯಾಗಿತ್ತು. ಮಾಟಗಾತಿಯ ಕೆಲಸ ಇಷ್ಟು ಸಲೀಸೆಂದು ಅಜ್ಜಿ ಯಾವ ಕಥೆಯಲ್ಲೂ ಹೇಳಿರಲಿಲ್ಲ.

ಅವಳಿಗಾದರೂ ಬೇರೆ ದಾರಿಯೆಲ್ಲಿತ್ತು? ಎದೆಯ ಕ್ಯಾನ್ಸರ್ ಗಡ್ಡೆಗೆ ಇಂಜೆಕ್ಷನ್ ನಡೆಯುತ್ತಿರುವಾಗಲೇ ಅಮ್ಮನ ಲಿವರ್ ಕೆಡತೊಡಗಿತ್ತು. "ಆ ಪುಡಿ ಬಿಡಿ. ಇಲ್ಲಾಂದ್ರೆ ಇಂಜೆಕ್ಷನ್ನೇ ನಿಲ್ಲಿಸ್ಬೇಕಾಗುತ್ತೆ" ಎಂದಿದ್ದರು ಡಾಕ್ಟರಮ್ಮ. ಅಮ್ಮ ಹೂಂ ಹೂಂ ಎಂದು ತಲೆಯಾಡಿಸಿ, ಬರುವ ದಾರಿಯಲ್ಲೇ ಇನ್ನೊಂದು ಡಬ್ಬಿ ಕೊಂಡಿದ್ದಳು.

ಹಿಟ್ಟು ಶುರುವಾದ ಮೇಲೆ ಲಿವರ್ ಸರಿಹೋಯಿತು. ಇಂಜೆಕ್ಷನ್ ತಪ್ಪಲಿಲ್ಲ. ಗಡ್ಡೆ ಕರಗುತ್ತ ಬಂತು. ಹೊಗಳಿಕೆಯೆಲ್ಲ ಡಬ್ಬಿಯ ಪಾಲಿಗೆ.

"ಇಂಜೆಕ್ಷನ್ ಬರೀ ಕೂದಲು ಉದುರಿಸ್ತು ಕಣೇ. ಗುಣ ಮಾಡಿದ್ದು ಈ ಪುಡಿ," ಅಮ್ಮ ತನ್ನ ತಂಗಿಯೆದುರು ಬೋಳುತಲೆ ಸವರಿಕೊಂಡಳು.

ಚಿಕ್ಕಮ್ಮ ಈಚೆಗೆ ಮೇಲಿಂದ ಮೇಲೆ ಬರುತ್ತಿದ್ದಳು. ಅಕ್ಕನ ಮೇಲಿನ ಅಕ್ಕರೆ ಎಂದುಕೊಂಡಿದ್ದಳು ಮಗಳು. ಡಬ್ಬಿಯೂ ಬೇಗ ಬರಿದಾಗುತ್ತಿತ್ತು. ಅಮ್ಮನ ಚಮಚ ದೊಡ್ಡದಾಗಿದೆ, ತಿನ್ನಲಿ ಬಿಡು, ಹಿಟ್ಟು ತಾನೇ ಎಂದು ಮತ್ತಷ್ಟು ಹುರಿದಿದ್ದಳು.

"ನಂಗೊಂದು ರವಿಕೆ ಹೊಲ್ಕೊಡೇ," ಎಂದಳು ಚಿಕ್ಕಮ್ಮ ಒಂದು ದಿನ.

ಹೊಲಿಗೆ ಯಂತ್ರದ ಮುಂದಿದ್ದ ಮಗಳು ಟೇಪು ಎತ್ತಿಕೊಂಡಳು. ಚಿಕ್ಕಮ್ಮ ಎಡಗೈಯನ್ನು ಮೈಗೆ ಒತ್ತಿಕೊಂಡು ಹಿಂದೆ ಸರಿದಳು.

"ಅಳತೆ ಎಲ್ಲ ಬೇಡ. ಹಳೇದೇ ಇದ್ಯಲ್ಲ. ಎದೆ ಹತ್ರ ಸ್ವಲ್ಪ ಸಡಿಲ ಬಿಡು."

"ದಪ್ಪ ಆಗಿದ್ದೀನಿ ಅಂತ ಒಪ್ಕೊಳ್ಳೋಕೆ ನಾಚಿಕೆನಾ ಚಿಕ್ಕಮ್ಮ?"

"ಹೂಂ ಕಣೇ. ನಾಚಿಕೆ."

ಗಡ್ಡೆ ಪೂರಾ ಕರಗಿದೆಯೆಂದು ಡಾಕ್ಟರಮ್ಮ ಹೇಳಿದ ದಿನ ಮಗಳಿಗೆ ಗುಟ್ಟು ಹೊಟ್ಟೆಯಲ್ಲಿ ನಿಲ್ಲಲಿಲ್ಲ. ಅಮ್ಮ ಒಳಗೆ ಮಲಗಿದ್ದಳು. ಹೊಸ ರವಿಕೆ ಒಯ್ಯಲು ಬಂದ ಚಿಕ್ಕಮ್ಮನ ಕಿವಿಯಲ್ಲಿ ಎಲ್ಲ ಹೇಳಿ, ಬಾಯಿಗೆ ಕೈಯಿಟ್ಟುಕೊಂಡು ನಕ್ಕಳು.

ಚಿಕ್ಕಮ್ಮ ನಗಲಿಲ್ಲ. ಚೀಲದಿಂದ ಪುಟ್ಟ ಸೀಸೆಯೊಂದನ್ನು ತೆಗೆದು ಮುಚ್ಚಳ ಬಿಚ್ಚಿದಳು. ಕಂದು ಪುಡಿ. ಕಾಫಿಯ ವಾಸನೆ.

"ನನ್ನ ಗಡ್ಡೆಗೂ ಇದೇ ಸಾಕು ಅಂತ, ಆಸ್ಪತ್ರೆ ಕಡೆ ತಲೆನೂ ಹಾಕಲಿಲ್ಲವಲ್ಲೇ..."