ಪಕ್ಕೆಯ ಮೊಳೆ

ಬೈಕು ನಿಲ್ಲುವ ಮೊದಲೇ ಪಂಕ್ಚರ್ ಅಂಗಡಿಯವನ ಕಣ್ಣು ಸವಾರನ ಕೈಗೆ ಹೋಯಿತು. ಬೆರಳ ಗೆಣ್ಣುಗಳು ಒಡೆದು ರಕ್ತ ಹೆಪ್ಪುಗಟ್ಟಿತ್ತು.

ಹಿಂದೆ ಕುಳಿತ ಹೆಂಗಸಿನ ಮುಖ ಬಾತು, ಒಂದು ಕಣ್ಣು ಮುಚ್ಚಿಹೋಗಿತ್ತು. ನೆತ್ತಿಯಿಂದ ಗಲ್ಲದವರೆಗೆ ಬಟ್ಟೆ ಬಿಗಿದಿತ್ತು.

‘ಬೇಗ ಪ್ಯಾಚು ಹಾಕಿ ಯಜಮಾನ್ರೇ. ಗಾಳಿ ನಿಂತ್ರೆ ಸಾಕು, ಚೆಂದ ಬೇಡ.’ ಸವಾರ ಅವಸರಪಡಿಸಿದ.

ಅಂಗಡಿಯವನು ಹಿಂದಿನ ಚಕ್ರ ಬಿಚ್ಚಿದ. ಹೆಂಗಸು ಅವನತ್ತ ನೋಡಿ ಏನೋ ಹೇಳಲು ತುಟಿ ಅಲುಗಿಸಿದಳು.

‘ಬಾಯಿ ತೆಗೀಬೇಡ ಅಂದಿಲ್ವಾ?’ ಸವಾರ ಗದರಿದ. ಮತ್ತೆ ತಗ್ಗಿದ ದನಿಯಲ್ಲಿ, ‘ಇನ್ನೊಂದು ಗಂಟೆ. ಆಮೇಲೆ ನೀನು ಎಲ್ಲಿದ್ದೀಯ ಅಂತ ಒಂದು ನರಪಿಳ್ಳೆಗೂ ಗೊತ್ತಾಗಲ್ಲ.’

ಅಂಗಡಿಯವನು ತಲೆಯೆತ್ತಿ ಹೆಂಗಸನ್ನು ನೋಡಿದ. ಅವನ ಮಗಳೂ ಒಮ್ಮೆ ಗಂಡನ ಜೊತೆ ಬಂದು, ತುಟಿ ಹೊಲಿದವಳಂತೆ ಕೂತಿದ್ದಳು. ತಾನೇ ಊಟ ಹಾಕಿ ಇಬ್ಬರನ್ನೂ ಕಳಿಸಿಕೊಟ್ಟಿದ್ದ. ಮುಂದಿನ ವಾರ ಅವಳ ಹೆಣ ಬಂತು.

ಟೈರಿನೊಳಗೆ ಸುತ್ತಲೂ ಬೆರಳಾಡಿಸಿದ. ಬೆರಳು ಪಕ್ಕೆಯಲ್ಲಿ ನಿಂತಿತು. ಮೊಳೆ. ಮೂವತ್ತು ವರ್ಷದ ಕಸುಬು ಸುಳ್ಳು ಹೇಳದು: ರಸ್ತೆಯ ಮೊಳೆ ಚುಚ್ಚುವುದು ನೆಲ ಮುಟ್ಟುವ ಕಡೆ, ಪಕ್ಕೆಗೆ ಚುಚ್ಚುವುದು ಮನುಷ್ಯನ ಕೈ.

ಜಾಣೆ, ಎಂದುಕೊಂಡ. ದಾರಿಯಲ್ಲಿ ಎಲ್ಲಾದರೂ ಬೈಕು ನಿಲ್ಲಲಿ ಎಂದು ತಾನೇ ಚುಚ್ಚಿದ್ದಾಳೆ. ದೇವರು ತನ್ನನ್ನು ಎರಡನೇ ಸಲ ಕೇಳುತ್ತಿದ್ದಾನೆ.

‘ಕೈಗೇನು ಲಕ್ವ ಹೊಡೆದಿದೆಯಾ?’ ಸವಾರ ಕೂಗಿದ.

‘ಅವಸರದ ಪ್ಯಾಚು ಅರ್ಧ ದಾರಿಗೆ ಬಿಡುತ್ತೆ ಸ್ವಾಮಿ. ಕೂತ್ಕೊಳ್ಳಿ.’

ಸವಾರ ಕೂರಲಿಲ್ಲ. ಬಂದ ದಾರಿಯನ್ನೇ ನೋಡುತ್ತ ಬೆನ್ನು ತಿರುಗಿಸಿದ. ಅಂಗಡಿಯವನು ಟೈರು ಎಬ್ಬಿಸುವ ಸಲಾಕೆ ಎತ್ತಿ ಅವನ ತಲೆಗೆ ಬೀಸಿದ.

ಹಸಿ ಕಟ್ಟಿಗೆ ಸೀಳಿದಂಥ ಸದ್ದು. ಸವಾರ ಮೊಣಕಾಲೂರಿದ. ‘ನೀನೂ... ಅವನ ಕಡೆಯವನಾ?’

ಎರಡನೇ ಏಟು ಕಿವಿಗೆ ಬಿತ್ತು. ಮೂರನೆಯದಕ್ಕೆ ಟ್ಯೂಬು ಅದ್ದುವ ನೀರು ಕೆಂಪಾಯಿತು.

ಹೆಂಗಸು ಗಂಟಲೊಳಗೇ ಚೀರುತ್ತ ಅಂಗಡಿಯವನ ಮುಖ ಪರಚಿದಳು. ಆಮೇಲೆ ಬಿದ್ದವನ ಮೇಲೆ ಕವುಚಿಕೊಂಡಳು.

‘ಹೆದರಬೇಡ ತಾಯಿ. ಇನ್ನು ಇವನು ಏಳಲ್ಲ.’ ತನಗೆ ಹೊಡೆದವನನ್ನೇ ತಬ್ಬುವ ಜೀವ! ಮಗಳೂ ಹಾಗೇ ಇದ್ದಳು.

ದೂರದಲ್ಲಿ ಧೂಳೆಬ್ಬಿಸುತ್ತ ಜೀಪೊಂದು ಬರುತ್ತಿತ್ತು. ಅವನು ನಡುರಸ್ತೆಗೆ ಓಡಿ ಎರಡೂ ಕೈ ಬೀಸಿದ. ‘ನಿಲ್ಸಿ! ಒಂದು ಹೆಣ್ಣುಮಗಳ ಪ್ರಾಣ ಉಳೀಬೇಕು!’

ಜೀಪಿನಿಂದ ಇಳಿದವನ ಮೂಗು ಒಡೆದು ಊದಿಕೊಂಡಿತ್ತು. ಬಿದ್ದವನನ್ನು ಕಾಲಿನಿಂದ ಹೊರಳಿಸಿ ನೋಡಿದ. ನಕ್ಕ.

‘ನಾನು ಮೊಳೆ ಮಾತ್ರ ಚುಚ್ಚಿದ್ದೆ, ಉಳಿದದ್ದು ನೀವು ಮಾಡಿದ್ರಿ. ಉಪಕಾರ ಆಯ್ತು ಯಜಮಾನ್ರೇ,’ ಎನ್ನುತ್ತ ಹೆಂಗಸಿನ ಜಡೆಯನ್ನು ಮುಂಗೈಗೆ ಸುತ್ತಿಕೊಂಡ. ‘ನನ್ನ ಹೆಂಡ್ತಿಗೆ ಅಂತ ಇದ್ದವನು ಈ ಅಣ್ಣ ಒಬ್ನೇ.’