ಐಸ್‌ಕ್ರೀಮ್ ಕರಗಬಾರದು

ಮೈದುನ ಏಳುವುದರೊಳಗೆ ಪೆಟ್ಟಿಗೆ ಮನೆಯಿಂದ ಆಚೆ ಹೋಗಬೇಕಿತ್ತು.

ಅಂತ್ಯಕ್ರಿಯೆಗೆ ಬಂದ ನೆಂಟರು ಹೊರಟುಹೋದ ಮೇಲಿನ ಮೊದಲ ಬೆಳಗು. ಗಂಡನ ಫೋನು ಕೆಲಸಕ್ಕೆ ಹೊತ್ತಾಯಿತೆಂದು ಕೂಗಿತು. ಅದರ ಬಾಯಿ ಮುಚ್ಚಿಸಿ ಅವಳು ಬಚ್ಚಲಿಗೆ ಹೋದಳು. ಥರ್ಮೋಕೋಲ್ ಪೆಟ್ಟಿಗೆಯನ್ನು ಮೂಲೆ ಮೂಲೆ ತಿಕ್ಕಿ ತೊಳೆದಳು. ಮುಚ್ಚಳದ ಮೇಲಿದ್ದ ಕೆಂಪು ಚೀಟಿಯನ್ನು ಉಗುರಿನಿಂದ ಕೆರೆದು ತೆಗೆದಳು.

ಪಿಕ್‌ನಿಕ್ಕಿಗೆಂದು ಗಂಡ ಐಸ್‌ಕ್ರೀಮ್ ಕಾರ್ಖಾನೆಯಿಂದ ಎರವಲು ತಂದ ಪೆಟ್ಟಿಗೆ ಅದು. ಕೆರೆಯ ದಂಡೆಯಲ್ಲಿ ಅತ್ತೆಯೂ ಉಳಿದವರೂ ಚಾಪೆ ಹಾಸುವಾಗ, ಅವನು ಕಾರಿನಲ್ಲೇ ಒಂದು ಕೋಳಿನಿದ್ದೆ ತೆಗೆಯುತ್ತೇನೆಂದ. ಪೆಟ್ಟಿಗೆ ಹಿಂದಿನ ಸೀಟಿನಲ್ಲಿತ್ತು. ಊಟಕ್ಕೆ ಕರೆಯಲು ಹೋಗಿ ಅವಳು ಬಾಗಿಲು ತೆರೆದಾಗ ಮೂಗು ಚುರುಗುಟ್ಟಿತು. ಅವನು ಏಳಲಿಲ್ಲ. ಹೃದಯಾಘಾತ ಎಂದರು ಡಾಕ್ಟರು. ಐಸ್‌ಕ್ರೀಮ್ ಮಾತ್ರ ಕಲ್ಲಿನಂತೆ ಗಟ್ಟಿಯಾಗಿತ್ತು.

“ತೊಳೆದೇಬಿಟ್ರಾ ಅತ್ತಿಗೆ?”

ಮೈದುನ ಬಾಗಿಲಿಗೊರಗಿ ನಿಂತಿದ್ದ.

“ಕಂಡವರ ವಸ್ತು. ವಾಪಸ್ ಕೊಡಬೇಕು.”

“ಗೂಳಿ ಥರ ಇದ್ದ ನಮ್ಮಣ್ಣ. ಹಾರ್ಟಂತೆ, ಹಾರ್ಟು! ಅದು ಇಲ್ಲೇ ಇರಲಿ. ಸ್ಟೇಷನ್ನಿಂದ ನನ್ನ ಫ್ರೆಂಡ್ ಬಂದು ನೋಡ್ತಾನೆ. ಉಪ್ಪು ತಿಂದವರು ನೀರು ಕುಡೀಲೇಬೇಕು.”

“ಯಾರು ಕುಡೀಬೇಕಾಗುತ್ತೋ, ಯಾರಿಗೆ ಗೊತ್ತು.”

ಒಳಕೋಣೆಯಿಂದ ಅತ್ತೆಯ ದನಿ ಬಂತು. “ಕೆಮಿಸ್ಟ್ರಿ ಓದಿದೋಳಪ್ಪ ಅವಳು. ಏನು ಬೆರೆಸಿದಳೋ, ಏನು ಕಥೆಯೋ. ಕಣ್ಣಲ್ಲಿ ಒಂದು ಹನಿ ನೀರು ಕಂಡಿದೀಯಾ? ಚಿನ್ನದಂಥ ಮಗನ್ನ ನುಂಗಿಬಿಟ್ಟಳು.” ಮಾತು ಅಲ್ಲಿಗೇ ಒಡೆದು ಬಿಕ್ಕಳಿಕೆಯಾಯಿತು. ಅವಳು ನೀರಿನ ಲೋಟ ತೆಗೆದುಕೊಂಡು ಹೋಗಿ ಅತ್ತೆಯ ತಲೆದಿಂಬಿನ ಪಕ್ಕ ಇಟ್ಟಳು. ಅತ್ತೆ ಗೋಡೆಯ ಕಡೆ ಹೊರಳಿದರು.

ಮೈದುನ ಪೆಟ್ಟಿಗೆಯನ್ನು ಬಚ್ಚಲಿಂದ ಹೊರಗಿಟ್ಟು ಸ್ನಾನಕ್ಕೆ ಹೋದ. ಬಚ್ಚಲ ಚಿಲಕ ಬಿದ್ದ ಸದ್ದು ಕೇಳುತ್ತಲೇ ಅವಳು ಪೆಟ್ಟಿಗೆಯನ್ನು ಸೊಂಟಕ್ಕಿಟ್ಟುಕೊಂಡು ಹಿತ್ತಲಿನಿಂದ ಬೀದಿಗಿಳಿದಳು.

“ನಮಗೂ ಒಂದು ಕಪ್ಪು ಕೊಡಿ ತಾಯಿ, ಟಿಕೆಟ್ಟೇ ಬೇಡ,” ಎಂದು ಬಸ್ಸಿನ ಕಂಡಕ್ಟರ್ ನಕ್ಕ.

“ಖಾಲಿ,” ಎಂದಳು.

ಕಾರ್ಖಾನೆಯ ಒದ್ದೆ ನೆಲದಲ್ಲಿ ರಬ್ಬರ್ ಬೂಟು ಎಳೆಯುತ್ತ ಮಾಲೀಕ ಬಂದ. ಎಲ್ಲರ ಬಾಯಲ್ಲೂ ಅವನು ಐಸಣ್ಣ. ಪೆಟ್ಟಿಗೆ ಕಂಡವನೇ ಬಿಳುಚಿಕೊಂಡ.

“ಸುದ್ದಿ ಕೇಳಿದಾಗಿನಿಂದ ಅನ್ನ ಇಳೀತಿಲ್ಲಮ್ಮ. ಡ್ರೈ ಐಸ್ ತುಂಬಿಕೊಡುವಾಗ ಬಡ್ಕೊಂಡೆ. ಇದು ಕರಗಿ ನೀರಾಗಲ್ಲ, ಗಾಳಿಯಾಗುತ್ತೆ. ಮುಚ್ಚಿದ ಕಾರಲ್ಲಿ ಉಸಿರು ಕಟ್ಟಿಸಿಬಿಡುತ್ತೆ, ಗಾಜು ಇಳಿಸೇ ಇಡಿ ಅಂತ. ಮುಚ್ಚಳದ ಮೇಲೂ ಕೆಂಪಕ್ಷರದಲ್ಲಿ ಅಂಟಿಸಿದೀನಿ.”

“ಅವರು ಇಳಿಸೇ ಮಲಗಿದ್ರು. ನಾಲ್ಕೂ ಗಾಜು.”

“ಮತ್ತೆ?”

“ಯಾರಾದರೂ ಕೇಳಿಕೊಂಡು ಬಂದರೆ, ಬರೀ ನೀರಿನ ಐಸ್ ಕೊಟ್ಟೆ ಅನ್ನಿ.”

ಐಸಣ್ಣ ಅವಳನ್ನು ದಿಟ್ಟಿಸಿದ. ಎರಡು ಹೆಜ್ಜೆ ಹಿಂದೆ ಸರಿದ. “ಯಾರನ್ನ ಉಳಿಸೋಕೆ ತಾಯಿ? ನನ್ನನ್ನಾ, ನಿಮ್ಮನ್ನಾ?”

ಅವಳು ಪೆಟ್ಟಿಗೆಯನ್ನು ಅವನ ಕೈಗಿಟ್ಟಳು.

“ಬಿಸಿಗಾಳಿಗೆ ಐಸ್‌ಕ್ರೀಮ್ ಕರಗಿಹೋಗುತ್ತೆ ಅಂತ, ಮಗನಿಗೆ ಎಚ್ಚರ ಆಗದ ಹಾಗೆ ಮೆಲ್ಲಗೆ ಗಾಜು ಏರಿಸಿ ಬಂದವರು ನಮ್ಮತ್ತೆ.”