ನಮ್ಮೋರ ಎಸ್ರಿನೋನು

"ನಿನ್ ಗಂಡ ಸತ್ತು ಯಾವ್ ಕಾಲಾಯ್ತು, ಈಗ್ಲಾದ್ರೂ ನನ್ನೆಸ್ರಿಡಿದು ಕೂಗು ಕೆಂಪಾಜಿ!" ಎಂದು ನಗುತ್ತ ಬಾವಿಗೆ ಬಗ್ಗಿದ ಮುದುಕ ಪುಟ್ಟಸಿದ್ದಯ್ಯ, ಕಟ್ಟೆಯ ಕಲ್ಲು ಜಾರಿ ಒಳಕ್ಕೇ ಬಿದ್ದ.

ಕೆಂಪಾಜಮ್ಮನ ಗಂಡನದೂ ಅದೇ ಹೆಸರು. ಕೊಳ್ಳೇಗಾಲ ಇನ್ನೂ ಮದ್ರಾಸಿಗೆ ಸೇರಿದ್ದಾಗ, ಈ ಪುಟ್ಟಸಿದ್ದಯ್ಯ ಒಬ್ಬ ರೇಷ್ಮೆಗೂಡಿನ ವ್ಯಾಪಾರಿಯನ್ನು ಕಡಿದು ಕೊಂದದ್ದನ್ನು ಅವಳು ಕಣ್ಣಾರೆ ಕಂಡಿದ್ದಳು. ದೂರದ ಕೋರ್ಟಿನಲ್ಲಿ ಕೊಂದವನ ಹೆಸರು ಕೇಳಿದಾಗ, ಗಂಡನ ಹೆಸರು ಬಾಯಲ್ಲಿ ಆಡಬಾರದೆಂದು, "ನಮ್ಮೋರ ಎಸ್ರಿನೋನು" ಎಂದಳು. ಅರೆಬರೆ ಕನ್ನಡದ ದುಬಾಷಿ ಜಡ್ಜಿಗೆ ಹೇಳಿದ್ದು, "ಕೊಂದವನು ಇವಳ ಗಂಡನಂತೆ." ಅವಳಿಗೆ ತಿಳಿಯುವಷ್ಟರಲ್ಲಿ ಗಂಡ ಗಲ್ಲಿಗೇರಿದ್ದ. ಕೊಂದ ಇವನು ಆ ಮಾತನ್ನೇ ತಮಾಷೆ ಮಾಡಿಕೊಂಡು ಊರನ್ನೆಲ್ಲ ನಗಿಸಿದ.

"ಅಗ್ಗ ಬುಡವ್ವಾ, ಕೈ ಸೋಲ್ತದೆ!" ಒಳಗಿನಿಂದ ದನಿ ಕ್ಷೀಣವಾಗಿ ಬಂತು.

"ತಡಿ, ಬುಡ್ತೀನಿ," ಎಂದು ಅವಳು ಹಗ್ಗ ಇಳಿಸುತ್ತಿರುವಾಗ ರಸ್ತೆಯಲ್ಲಿ ಎತ್ತಿನ ಗಂಟೆ ಕೇಳಿತು. ಗಾಡಿಯ ಮೇಲಿಂದ ಈ ಮುದುಕನ ಮಗ ಕೂಗಿದ: "ಬಾವಿಗ್ ಬಗ್ಗಿ ಯಾರ್ ಕೂಡೆ ಮಾತಾಡ್ತಿದ್ದೀಯವ್ವಾ?"

"ಎಸ್ರು ಏಳಂಗಿಲ್ಲ ಕಣಪ್ಪಾ!"

"ಓಹೋ, ನೇಣಾಕುಸ್ಕಂಡಿದ್ ಗಂಡ ಬಂದವ್ನಾ?" ಎಂದು ಗಹಗಹಿಸಿ ನಕ್ಕು ಅವನು ಎತ್ತಿನ ಬಾಲ ತಿರುವಿದ.

ಗಂಟೆಯ ಸದ್ದು ಕಾಮಗೆರೆ ಕಡೆಗೆ ದೂರವಾಯಿತು. ಕೆಂಪಾಜಮ್ಮ ಅರ್ಧ ಇಳಿದಿದ್ದ ಹಗ್ಗವನ್ನು ಮೇಲಕ್ಕೆ ಸೇದಿ, ಸುರುಳಿ ಸುತ್ತಿ ಕಟ್ಟೆಯ ಮೇಲಿಟ್ಟಳು.